ಈ ವರ್ಷ ಯಾವ ರೇಸು, ವನಜಕ್ಕ?

ಹೋದ ವರ್ಷ ನಾನು ಆರಿಸಿಕೊಂಡ ರೇಸಿನಲ್ಲಿ ಎದುರುಗಾಳಿ ಇತ್ತು. ಹಾಗಾಗಿ ಹೋದ ವರ್ಷವಿಡೀ ನಮ್ಮೂರಿನಲ್ಲಿ ಎದುರುಗಾಳಿ ಇತ್ತು. ಪೇಟೆಗೆ ಹೋಗುವವರಿಗೂ ಎದುರು, ಪೇಟೆಯಿಂದ ಬರುವವರಿಗೂ ಎದುರು. ದಾರಿಯಲ್ಲಿ ಇಬ್ಬರು ಮುಖಾಮುಖಿ ನಿಂತು ಮಾತಾಡಿದರೆ ಇಬ್ಬರ ಮುಖಕ್ಕೂ ಗಾಳಿ ಹೊಡೆಯುತ್ತಿತ್ತು; ಆಡಿದ ಮಾತು ಆಡಿದವರ ಕಿವಿಗೇ ವಾಪಸು ಬರುತ್ತಿತ್ತು. ಊರಿನ ಎಷ್ಟೋ ಜನರಿಗೆ ತಾವು ಏನು ಮಾತಾಡುತ್ತೇವೆ ಎಂದು ಮೊದಲ ಸಲ ಕೇಳಿಸಿದ್ದು ಆ ವರ್ಷವೇ. ಅದಕ್ಕಾಗಿ ಅವರು ನನ್ನನ್ನು ಇನ್ನೂ ಕ್ಷಮಿಸಿಲ್ಲ.

ನನ್ನ ಹೆಸರು ವನಜಾಕ್ಷಿ. ಕೆರೆ ಏರಿಯ ಪಕ್ಕದ ಹಿಟ್ಟಿನ ಗಿರಣಿ ನನ್ನದು. ಹದಿನೈದು ವರ್ಷದಿಂದ ಊರಿನ ಪರವಾಗಿ ಟ್ರಯಾಥ್ಲಾನಿಗೆ ಹೋಗುವವಳೂ ನಾನೇ. ಪುಟ್ಟದ್ದಲ್ಲ, ಉದ್ದದ್ದು. ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರ್ ಈಜಿ, ಮೈ ಆರುವ ಮೊದಲೇ ಸೈಕಲ್ ಹತ್ತಿ ನೂರಾ ಎಂಬತ್ತು ಕಿಲೋಮೀಟರ್ ತುಳಿದು, ಇಳಿದವಳೇ ನಲವತ್ತೆರಡು ಕಿಲೋಮೀಟರ್ ಓಡಬೇಕು. ವರ್ಷಕ್ಕೊಂದೇ ರೇಸು. ಕಾರ್ತಿಕ ಮಾಸ ಮುಗಿಯುವುದರೊಳಗೆ ಫಾರಂ ತುಂಬಿ ಅಂಚೆ ಡಬ್ಬಿಗೆ ಹಾಕುತ್ತೇನೆ. ಮಾರನೆಯ ಬೆಳಿಗ್ಗೆ ಊರು ಏಳುವ ಹೊತ್ತಿಗೆ ಆ ರೇಸಿನ ನೀರು, ಆ ರೇಸಿನ ರಸ್ತೆ, ಆ ರೇಸಿನ ಹವೆ ನಮ್ಮೂರಿಗೆ ಬಂದಿರುತ್ತದೆ. ಮುಂದಿನ ಕಾರ್ತಿಕದವರೆಗೆ ಇರುತ್ತದೆ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸುತ್ತದಂತೆ. ಅವರೂರುಗಳಲ್ಲಿ ಅಭ್ಯಾಸಕ್ಕೆ ಬೆಟ್ಟ ಬೇಕಾದರೆ ಬೆಟ್ಟ ಇರುವ ಕಡೆಗೆ ಜನರೇ ಹೋಗುತ್ತಾರಂತೆ. ನಮಗೆ ಅದು ವಿಚಿತ್ರ.

ರೇಸಿನ ದಿನ ಬಸ್ಸು ಹತ್ತಿ ಹೋಗಿ, ಮಾರನೆಯ ದಿನ ಕುಂಟುತ್ತಾ ಬಂದು ಗಿರಣಿ ತೆರೆಯುತ್ತೇನೆ. ಎಷ್ಟನೆಯವಳಾಗಿ ಬಂದೆ ಎಂದು ಒಬ್ಬರೂ ಕೇಳುವುದಿಲ್ಲ. ಮುಂದಿನ ವರ್ಷ ಯಾವುದು ಎಂದಷ್ಟೇ ಕೇಳುತ್ತಾರೆ. ಇಷ್ಟು ವರ್ಷದ ಮೆಡಲುಗಳೆಲ್ಲ ಗಿರಣಿಯಲ್ಲೇ ಮೊಳೆಗೆ ನೇತಾಡುತ್ತಿವೆ. ಕಾಳು ಕೆಳಗಿಳಿಯದೆ ಕಚ್ಚಿಕೊಂಡಾಗ ತಗಡಿನ ತೊಟ್ಟಿಗೆ ತಟ್ಟಲು ಮೆಡಲಿನಷ್ಟು ಒಳ್ಳೆಯ ವಸ್ತು ಇನ್ನೊಂದಿಲ್ಲ. ರಾಗಿಗೆ ತೆಳುವಾದದ್ದು, ಜೋಳಕ್ಕೆ ದಪ್ಪನೆಯದು.

ನದಿಯಲ್ಲಿ ಈಜುವ ರೇಸು ಆರಿಸಿದ ವರ್ಷ ನಮ್ಮ ಕೆರೆ ಹರಿಯತೊಡಗಿತು. ಮೊದಲ ಮೆಟ್ಟಿಲಲ್ಲಿ ಜಾಲಾಡಲು ಬಿಟ್ಟ ಸೀರೆ ಕೊನೆಯ ಮೆಟ್ಟಿಲಲ್ಲಿ ಸಿಗುತ್ತಿತ್ತು. ಸೊಪ್ಪು ಮಾರುವ ತಾಯಕ್ಕ ಆ ವರ್ಷ ಕೊನೆಯ ಮೆಟ್ಟಿಲು ಬಿಟ್ಟು ಏಳಲಿಲ್ಲ. ಅವಳಷ್ಟು ಬಗೆಬಗೆಯ ಸೀರೆ ಉಟ್ಟವರು ಊರಲ್ಲೇ ಇರಲಿಲ್ಲ. ಈಗಲೂ ಹಿಟ್ಟಿಗೆ ಬಂದರೆ, "ವನಜಕ್ಕ, ಆ ನದಿ ರೇಸು ಇನ್ನೊಂದ್ಸಲ ನೋಡಬಾರ್ದಾ? ನಿನ್ ಮೈಗೆ ಚೆನ್ನಾಗ್ ಒಗ್ಗಿತ್ತು," ಅನ್ನುತ್ತಾಳೆ. ಸಮುದ್ರದ ರೇಸಿನ ವರ್ಷ ಕೆರೆ ಉಪ್ಪಾಯಿತು. ಬೇಕರಿ ಖಾದರ್ ಭಾಯಿ ಉಪ್ಪು ತರಿಸುವುದನ್ನೇ ನಿಲ್ಲಿಸಿ ಕೆರೆ ನೀರಿನಲ್ಲೇ ಹಿಟ್ಟು ಕಲಸಿದರು. ಬನ್ನಿನಲ್ಲೂ ಉಪ್ಪು, ಬೆಣ್ಣೆ ಬಿಸ್ಕತ್ತಿನಲ್ಲೂ ಉಪ್ಪು, ಹುಟ್ಟುಹಬ್ಬದ ಕೇಕಿನಲ್ಲೂ ಉಪ್ಪು. ಮಕ್ಕಳು ಮೇಣದಬತ್ತಿ ಊದಿ ಒಂದು ತುಂಡು ಬಾಯಿಗಿಟ್ಟು ಅಳುತ್ತಿದ್ದವು. ಅದಕ್ಕೂ ಕಾರಣ ನಾನೇ.

ಹಾಗಾದರೆ ಸುಮ್ಮನೆ ಬಿಟ್ಟುಬಿಡಬಹುದಲ್ಲ ಅಂತೀರಾ? ಬಿಟ್ಟಿದ್ದೆ. ನಡುವೆ ಒಂದು ವರ್ಷ ಟೈಫಾಯಿಡ್ ಬಂದು ಫಾರಂ ಹಾಕಲಾಗಲಿಲ್ಲ. ಆ ವರ್ಷ ಊರು ತನ್ನಷ್ಟಕ್ಕೆ ತಾನಿತ್ತು. ನೀರು ಸಪ್ಪೆ, ರಸ್ತೆ ಸಪಾಟು, ಗಾಳಿ ತನಗೆ ತೋಚಿದಾಗ ಬರುತ್ತಿತ್ತು, ಹೋಗುತ್ತಿತ್ತು. ಎರಡು ತಿಂಗಳು ಕೂಡ ಯಾರಿಗೂ ಸಹಿಸಲಾಗಲಿಲ್ಲ. ಅನ್ನ ಸೀದರೆ ಬೈಯಲು ಯಾರೂ ಇಲ್ಲ. ಗಂಡ ಹೆಂಡಿರ ಜಗಳಕ್ಕೆ ಗಂಡ ಹೆಂಡಿರೇ ಕಾರಣ ಅನ್ನುವ ಮಟ್ಟಕ್ಕೆ ಹೋಯಿತು. ಕೊನೆಗೆ ಹಿತರಕ್ಷಣಾ ಸಮಿತಿಯವರೇ ಕಿತ್ತಳೆ ಹಣ್ಣು ಹಿಡಿದು ನನ್ನ ಹಾಸಿಗೆಯ ಹತ್ತಿರ ಬಂದು, "ಬೇಗ ಹುಷಾರಾಗಮ್ಮ. ಯಾವುದಾದ್ರೂ ಸರಿ, ಒಂದು ಹಾಕ್ಬಿಡು," ಎಂದು ಕೈಮುಗಿದರು.

ಹಿತರಕ್ಷಣಾ ಸಮಿತಿ ಎಂದರೆ ಏಳು ಜನ. ಅಧ್ಯಕ್ಷರು ಕರಿಸಿದ್ದಯ್ಯ ಮೇಷ್ಟ್ರು, ಮೂವತ್ತೆರಡು ವರ್ಷ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಖಾದರ್ ಭಾಯಿ, ತಾಯಕ್ಕ ಸದಸ್ಯರು. ಉಳಿದ ನಾಲ್ವರು ಮೇಷ್ಟ್ರು ತಲೆ ಆಡಿಸಿದಾಗ ತಲೆ ಆಡಿಸಲು ಇದ್ದಾರೆ. ನನಗೆ ಬರುವ ರೇಸಿನ ಪುಸ್ತಿಕೆಗಳನ್ನು ತರಿಸಿಕೊಂಡು ಊರಿಗೆ ತೊಂದರೆಯಾಗದ ರೇಸು ಸೂಚಿಸುವುದು ಇವರ ಕೆಲಸ. ಹೋದ ವರ್ಷದ ಎದುರುಗಾಳಿಯನ್ನು ಆರಿಸಿಕೊಟ್ಟವರೂ ಇವರೇ. ಆ ಪುಸ್ತಿಕೆಯ ಮುಖಪುಟದಲ್ಲಿ ಒಬ್ಬ ಹುಡುಗಿ ನಗುತ್ತಾ ಸೈಕಲ್ ತುಳಿಯುತ್ತಿದ್ದಳು. ಅವಳ ಕೂದಲು ನೀಟಾಗಿ ಹಿಂದಕ್ಕೆ ಹಾರುತ್ತಿತ್ತು. "ನೋಡಿ, ಎಷ್ಟು ಆಹ್ಲಾದಕರವಾಗಿದೆ," ಎಂದರು ಮೇಷ್ಟ್ರು. ಕೂದಲು ಯಾಕೆ ಹಾರುತ್ತಿದೆ ಎಂದು ಏಳು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಭೂಗೋಳದವರಿಗೂ ಹೊಳೆಯಲಿಲ್ಲ.

ಇನ್ನು ಗಂಗಿಯ ವಿಷಯ ಹೇಳಬೇಕು. ಸಿದ್ದಗಂಗಮ್ಮ ಎಂದು ಪೂರ್ತಿ ಹೆಸರು; ನನಗೆ ಮೂರನೇ ಕ್ಲಾಸಿನಿಂದ ಗಂಗಿ. ಆರನೇ ವಯಸ್ಸಿನಲ್ಲಿ ಜ್ವರ ಬಂದು ಎರಡೂ ಕಾಲು ಸೋತವು. ಮೇಲಿನಪೇಟೆಯಲ್ಲಿ ರವಿಕೆ ಹೊಲಿಯುತ್ತಾಳೆ. ಕೈಯಲ್ಲಿ ತಿರುಗಿಸುವ ಮೂರು ಗಾಲಿಯ ಸೈಕಲ್ಲಿನಲ್ಲಿ ಕುಳಿತು ಇಡೀ ಊರು ಸುತ್ತುತ್ತಾಳೆ. ಮೇಲಿನಪೇಟೆ ಎಂದು ಹೆಸರಷ್ಟೇ. ಕೆರೆ ಪಕ್ಕದ ಕೆಳಗಿನಪೇಟೆಗಿಂತ ಅದು ಒಂದು ಅಂಗುಲವೂ ಮೇಲಿಲ್ಲ. ಹೆಸರಿಟ್ಟವರಿಗೆ ಯಾವ ಆಸೆ ಇತ್ತೋ. ನನ್ನ ಕೋಚು ಅವಳೇ. ಕೊರಳಲ್ಲಿ ದಾರ ಕಟ್ಟಿದ ಸ್ಟಾಪ್‌ವಾಚು, ಬಾಯಲ್ಲಿ ಗುಂಡುಸೂಜಿ. ನಾನು ಏರಿಯ ಮೇಲೆ ಓಡಿದರೆ ಪಕ್ಕದಲ್ಲೇ ಗಾಡಿ ತಿರುಗಿಸುತ್ತಾ ಬರುತ್ತಾಳೆ, ಸೂಜಿ ಕಚ್ಚಿಕೊಂಡೇ ಬೈಯುತ್ತಾಳೆ. "ಓಡ್ತಿದೀಯೋ, ಮದುವೆ ಮನೆಗೆ ಹೋಗ್ತಿದೀಯೋ?" ಈಜನ್ನು ನಾನು ಎಮ್ಮೆಯ ಬಾಲ ಹಿಡಿದು ಕಲಿತೆ, ಆಹಾರ ಅಭ್ಯಾಸದ ವಿಷಯವನ್ನೆಲ್ಲ ಪುಸ್ತಿಕೆ ಓದಿ ಕಲಿತೆ. ನಾಚಿಕೆ ಬಿಟ್ಟು ಓಡುವುದನ್ನು ಕಲಿಸಿದವಳು ಗಂಗಿ.

ಈ ವರ್ಷ ಮೂರು ಪುಸ್ತಿಕೆ ಬಂದವು. ಉಪ್ಪುಕೊಲ್ಲಿ ಎಂಬುದು ಸಮುದ್ರದ್ದು. ಖಾದರ್ ಭಾಯಿಯ ಕೇಕು ನೆನೆಸಿಕೊಂಡು ಅದನ್ನು ಎಲ್ಲರೂ ಮೊದಲೇ ಪಕ್ಕಕ್ಕಿಟ್ಟರು. ಹಂಸಬಯಲು ಎಂಬುದು ಚಪ್ಪಟೆಯದು. ಇಡೀ ದಾರಿಯಲ್ಲಿ ಏರು ಹನ್ನೊಂದೇ ಮೀಟರ್, ನೀರು ನಿಶ್ಚಲ, ಹವೆ ತಂಪು. ಮುಖಪುಟದಲ್ಲಿ ಯಾರ ಕೂದಲೂ ಹಾರುತ್ತಿರಲಿಲ್ಲ. ಸಮಿತಿ ಈ ಸಲ ಭೂತಕನ್ನಡಿ ಹಿಡಿದು ನೋಡಿತ್ತು. ಮೂರನೆಯದು ಮೂರುಕಣಿವೆ.

ಮೂರುಕಣಿವೆಯ ಪುಸ್ತಿಕೆ ನನಗೆ ಹದಿನೈದು ವರ್ಷದಿಂದಲೂ ಬರುತ್ತಿದೆ. ಬೆಟ್ಟದ ಮಡಿಲಿನ ಕೆರೆ, ಅಲ್ಲಿಂದ ಮೂರು ಬೆಟ್ಟ ಹತ್ತಿ ಇಳಿಯುವ ರಸ್ತೆ, ಕೊನೆಗೆ ಒಂದು ಕಣಿವೆಯ ಅಂಚಿನಲ್ಲಿ ಓಟ. ಪ್ರತಿ ವರ್ಷ ಅದನ್ನು ಮೊದಲು ಓದುತ್ತೇನೆ, ಕೊನೆಯಲ್ಲಿ ಇನ್ನೊಮ್ಮೆ ಓದುತ್ತೇನೆ, ಆಮೇಲೆ ಯಾವುದೋ ಚಪ್ಪಟೆ ರೇಸಿನ ಫಾರಂ ತುಂಬುತ್ತೇನೆ. ಈ ಸಲ ಓದುವಾಗ ನಾಲ್ಕನೇ ಪುಟದ ಕೆಳಗಿನ ಸಾಲಿಗೆ ಬಂದು ಕಣ್ಣು ನಿಂತಿತು. ರೇಸಿನ ದಿನಕ್ಕೆ ಐವತ್ತು ತುಂಬಿರಬಾರದು. ರೇಸು ಏಪ್ರಿಲಿನಲ್ಲಿ. ನನಗೆ ಜೂನಿನಲ್ಲಿ ಐವತ್ತು. ಅಂದರೆ ಈಗ ಹೋದರೆ ಹೋದೆ, ಇಲ್ಲವಾದರೆ ಆ ಪುಸ್ತಿಕೆಯಿಂದ ಇನ್ನು ಮುಂದೆ ರಾಗಿ ತೊಟ್ಟಿಯ ಬಾಯಿ ಮುಚ್ಚಬಹುದು ಅಷ್ಟೇ.

ಈ ಸಾಲು ಓದಿದ ಮೇಲೆ ಒಂದು ತಪ್ಪು ಮಾಡಿದೆ. ಪುಸ್ತಿಕೆಯನ್ನು ಗಿರಣಿಯ ಮೊಳೆಗೆ ಸಿಕ್ಕಿಸಿದೆ, ಅದೂ ಆ ಪುಟವೇ ತೆರೆದಿರುವಂತೆ. ಗಿರಣಿಯಲ್ಲಿ ಡಬ್ಬ ಇಟ್ಟುಕೊಂಡು ಸರದಿಗೆ ಕಾಯುವವರಿಗೆ ಬೇರೆ ಕೆಲಸವಿರುವುದಿಲ್ಲ. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು.

"ಬೆಟ್ಟವಂತೆ? ನಮ್ ಮನೆ ತೊಟ್ಟಿಲು ಎಲ್ಲಿಗ್ ತೂಗುತ್ತೆ ಹೇಳು."

"ನಮ್ಮತ್ತೆಗೆ ಸಪಾಟು ನೆಲದಲ್ಲೇ ತಲೆ ತಿರುಗುತ್ತೆ. ಬೆಟ್ಟದಲ್ಲಿ ಸರಿಹೋದ್ರೂ ಹೋಗಬಹುದು."

"ನಾನೇನ್ ಬೇಡ ಅನ್ನಲ್ಲಪ್ಪ. ವನಜಕ್ಕನ ಆಸೆ. ಹಿಟ್ಟು ಮಾತ್ರ ಇನ್ಮೇಲೆ ಪಕ್ಕದೂರಲ್ಲಿ ಬೀಸಿಸ್ಕೋತೀವಿ."

ಇದೆಲ್ಲವನ್ನೂ ನನ್ನೆದುರಿಗೇ, ಬೆಲ್ಟಿನ ಸದ್ದಿನಲ್ಲಿ ನನಗೆ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ ಆಡುತ್ತಾರೆ. ಮೂವತ್ತು ವರ್ಷ ಗಿರಣಿ ನಡೆಸಿದವಳಿಗೆ ಬೆಲ್ಟಿನ ಸದ್ದು ಕೇಳಿಸುವುದಿಲ್ಲ. ಜನರ ಮಾತೇ ಕೇಳಿಸುವುದು. ಇದನ್ನು ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ಗಿರಣಿಯಲ್ಲಿ ಕೂತು ಕೇಳಲು ಏನೂ ಉಳಿಯುವುದಿಲ್ಲ.

ಕಾರ್ತಿಕ ಮುಗಿಯಲು ಎರಡು ದಿನವಿದ್ದಾಗ, ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ, ಸಮಿತಿಯ ಏಳೂ ಜನ ಸಾಲಾಗಿ ಬಂದರು. ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು. ಕೈಯಲ್ಲಿ ಮನವಿ ಪತ್ರ. ನಾನು ಮೋಟಾರು ಆರಿಸಿದೆ. ಬೆಲ್ಟು ನಿಂತು ಹಿಟ್ಟಿನ ಧೂಳು ನಿಧಾನವಾಗಿ ಇಳಿಯತೊಡಗಿತು, ಮೊದಲು ಮೇಷ್ಟ್ರ ಅಂಗಿಯ ಮೇಲೆ.

"ನೋಡಮ್ಮ ವನಜಾಕ್ಷಿ, ನಾವು ಯಾರೂ ನಮ್ಮ ಸ್ವಂತ ಅನುಕೂಲಕ್ಕೆ ಬಂದಿಲ್ಲ," ಎಂದರು ಮೇಷ್ಟ್ರು.

"ಛೆ, ಅದೇನು ಹಾಗಂತೀರಿ. ನಂಗೆ ಆ ಅನುಮಾನವೇ ಬಂದಿಲ್ಲ," ಎಂದೆ.

ಅವರು ಕನ್ನಡಕ ಏರಿಸಿ ಓದತೊಡಗಿದರು. "ಊರಿನ ಸಮಸ್ತ ನಾಗರಿಕರ, ಅದರಲ್ಲೂ ವಿಶೇಷವಾಗಿ ಕಾಲಿಲ್ಲದ ನಮ್ಮ ಸೋದರಿ ಶ್ರೀಮತಿ ಸಿದ್ದಗಂಗಮ್ಮನವರ ಹಿತದೃಷ್ಟಿಯಿಂದ..."

"ಕಾಲಿದೆ ಮೇಷ್ಟ್ರೆ," ಎಂದು ಡಬ್ಬಗಳ ಹಿಂದಿನಿಂದ ಧ್ವನಿ ಬಂತು. "ಎರಡಿದೆ. ನಡೆಯಲ್ಲ, ಅಷ್ಟೇ."

ಗಂಗಿ ಗೋಧಿ ಬೀಸಿಸಲು ಬಂದು ಅಷ್ಟು ಹೊತ್ತಿನಿಂದ ಅಲ್ಲೇ ಗಾಡಿಯಲ್ಲಿ ಕುಳಿತು ಗುಂಡಿ ಹೊಲಿಯುತ್ತಿದ್ದಳು. ಯಾರೂ ನೋಡಿರಲಿಲ್ಲ. ಮೇಷ್ಟ್ರು ಒಂದು ಕ್ಷಣ ತಡವರಿಸಿದರು. ಆದರೆ ಬರೆದದ್ದನ್ನು ಓದದೆ ಬಿಡುವ ಅಭ್ಯಾಸ ಅವರಿಗಿಲ್ಲ.

"...ಹಿತದೃಷ್ಟಿಯಿಂದ, ಏರು ತಗ್ಗುಗಳುಳ್ಳ ಯಾವುದೇ ರೇಸನ್ನು ಆರಿಸಬಾರದಾಗಿ ವಿನಂತಿ. ಸದರಿ ಸೋದರಿಯವರು ತಮ್ಮ ಕೈಗಾಡಿಯಲ್ಲಿ ಏರು ಹತ್ತಲಾರದೆ ಮನೆಯಲ್ಲೇ ಉಳಿಯಬೇಕಾದೀತೆಂದು ನೆನೆದು ನಾವೆಲ್ಲರೂ ಮಮ್ಮಲ ಮರುಗಿದ್ದೇವೆ. ಅವರ ಓಡಾಟದ ಹೊಣೆ ನಮ್ಮೆಲ್ಲರದು ಎಂದು ಈ ಕೆಳಗೆ ಸಹಿ ಮಾಡಿರುವ ನಾವು..."

"ಯಾರ್ ಮರುಗಿದ್ದು?" ಎಂದಳು ಗಂಗಿ.

"ಎಲ್ಲರೂ ಕಣಮ್ಮ."

"ಖಾದರ್ ಭಾಯಿ, ನೀವೂನಾ?"

"ನಾನು ಜಾಸ್ತಿ ಮರುಗಿದೆ ಅಕ್ಕಾ," ಎಂದರು ಖಾದರ್ ಭಾಯಿ ತಲೆ ಬಗ್ಗಿಸಿ. "ಬೆಟ್ಟ ಬಂದ್ರೆ ನನ್ ಬನ್ನೆಲ್ಲ ಒಂದೇ ಕಡೆ ಉಬ್ಬುತ್ತೆ, ಅದನ್ನೂ ನೆನೆಸ್ಕೊಂಡು ಒಟ್ಟಿಗೇ ಮರುಗಿದೆ."

"ನಾನು ನದಿ ರೇಸಿಗೆ ಅಂದ್ಕೊಂಡು ಸಹಿ ಹಾಕ್ದೆ," ಎಂದಳು ತಾಯಕ್ಕ. "ಓದಕ್ ಬರಲ್ಲ ನಂಗೆ."

"ಹೋದ ವರ್ಷ ಆ ಗಾಳಿಲಿ ನನ್ ಗಾಡಿ ಬಾಗಿಲು ಬಿಟ್ಟು ಒಂದು ಗೇಣು ಮುಂದಕ್ ಹೋಗ್ಲಿಲ್ಲ," ಎಂದಳು ಗಂಗಿ. ದಾರ ಕಚ್ಚಿ ತುಂಡು ಮಾಡಿದಳು. "ಮಳೆ ಬಂದು ಗಾಳಿ ಒಂಚೂರು ಇಳಿಯೋವರೆಗೂ ಎಂಟು ತಿಂಗಳು ಮನೇಲಿ ಕೂತಿದ್ದೆ. ಆಗ ಸಮಿತಿ ಎಲ್ಲಿ ಮರುಗ್ತಿತ್ತು ಮೇಷ್ಟ್ರೆ?"

ಮೇಷ್ಟ್ರು ಮನವಿ ಪತ್ರವನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದರು. "ಗಾಳಿ ಸಪಾಟು ನೆಲದ ಮೇಲೆ ಬೀಸಿದ್ದಮ್ಮ. ಅದು ನಮ್ಮ ಪರಿಶೀಲನೆಯ ವ್ಯಾಪ್ತಿಗೆ ಬಂದಿರಲಿಲ್ಲ," ಎಂದರು. ಪತ್ರವನ್ನು ಜೋಳದ ಡಬ್ಬದ ಮೇಲಿಟ್ಟು ಹೊರಟರು. ಉಳಿದ ಆರು ಜನರೂ ತಲೆ ಆಡಿಸಿ ಹೊರಟರು. ಹಿಂದಿನಿಂದ ನೋಡಿದರೆ ಎಲ್ಲರ ಬೆನ್ನೂ ಬಿಳಿ.

ನಾನು ಬಿದ್ದು ಬಿದ್ದು ನಕ್ಕೆ. "ಕೇಳಿದೆಯೇನೆ? ಸದರಿ ಸೋದರಿಯಂತೆ! ನಿನ್ನ ಕೇಳದೆ, ನಿನ್ನ ಹೆಸರಲ್ಲಿ! ಏನ್ ಜನ ನೋಡು!" ಹೊಟ್ಟೆ ಹಿಡಿದುಕೊಂಡು, ಮೇಷ್ಟ್ರು ಮರುಗಿದ್ದನ್ನು ಎರಡು ಸಲ ನಟಿಸಿ ತೋರಿಸಿದೆ. ಗಂಗಿ ನಗಲಿಲ್ಲ.

"ಫಾರಂ ತುಂಬಿದೀಯಾ?" ಎಂದಳು.

"ಇನ್ನೂ ಎರಡು ದಿನ ಇದೆಯಲ್ಲ."

"ತುಂಬಿದೀಯಾ ಅಂತ ಕೇಳ್ದೆ."

ತುಂಬಿದ್ದೆ. ಮೋಟಾರಿನ ಹಿಂದಿನ ಗೂಡಿನಲ್ಲಿತ್ತು. ಅವಳು ಕೈ ಚಾಚಿದಳು, ತೆಗೆದುಕೊಟ್ಟೆ. ಹಂಸಬಯಲು. ಹೆಸರು, ವಯಸ್ಸು, ಎಲ್ಲ ನನ್ನ ಅಕ್ಷರದಲ್ಲೇ. ಕೆಳಗೆ ಜೊತೆಗಾರರ ಸಹಿ ಎಂಬ ಜಾಗ ಮಾತ್ರ ಖಾಲಿ. ಪ್ರತಿ ವರ್ಷ ಅಲ್ಲಿ ಸಹಿ ಮಾಡುವವಳು ಗಂಗಿ.

"ಯಾಕೆ?" ಎಂದಳು.

"ಇನ್ಯಾಕೆ? ನಿನಗೋಸ್ಕರ ಕಣೆ. ಬೆಟ್ಟ ಬಂದ್ರೆ ಮೇಲಿನಪೇಟೆಯಿಂದ ಇಲ್ಲಿಗೆ ಹೆಂಗ್ ಓಡಾಡ್ತೀಯ? ಹದಿನೈದು ವರ್ಷದಿಂದ ನಾನು ಅದನ್ನೇ..."

ಗಾಳಿಯ ವರ್ಷ ಮುಗಿಯುವ ಹೊತ್ತಿನಲ್ಲೂ ನಾನಾಡಿದ ಮಾತು ನನ್ನ ಕಿವಿಗೇ ವಾಪಸು ಬಂದಿತ್ತು. ಸದರಿ ಸೋದರಿಯವರ ಹಿತದೃಷ್ಟಿಯಿಂದ.

"ಮೇಷ್ಟ್ರು ಇವತ್ತೊಂದು ಹತ್ತು ನಿಮಿಷ ನನ್ ಕಾಲು ಮುಂದಿಟ್ಕೊಂಡು ಮಾತಾಡಿದ್ರು," ಎಂದಳು ಗಂಗಿ. ಅವಳ ಧ್ವನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ನೀನು ಹದಿನೈದು ವರ್ಷದಿಂದ ಇಟ್ಕೊಂಡಿದೀಯ. ಅವರಾದ್ರೂ ಪತ್ರ ಬರ್ದು ನನ್ನೆದುರಿಗೆ ಓದಿದ್ರು."

"ಗಂಗಿ, ಹಂಗಲ್ಲ..."

"ನಿಂಗೆ ಬೆಟ್ಟ ಅಂದ್ರೆ ಭಯ. ಹತ್ತೋದಲ್ಲ, ಇಳಿಯೋದು. ಆರು ವರ್ಷದ ಹಿಂದೆ ನಿಮ್ಮಕ್ಕನ ಊರಿಗೆ ಸೈಕಲ್ ತಗೊಂಡ್ ಹೋಗಿದ್ಯಲ್ಲ, ಘಾಟಿ ಇಳಿದು ಬಂದೆ ಅಂತ ಇಡೀ ವಾರ ಗಿರಣಿಲಿ ಹೇಳ್ತಿದ್ದೆ. ಹೋಗೋ ಮುಂಚೆ ಬ್ರೇಕಿಗೆ ಹೊಸ ರಬ್ಬರ್ ಹಾಕಿಸ್ಕೊಂಡಿದ್ದೆ. ವಾಪಸ್ ಬಂದಾಗ ನಾನು ಮುಟ್ಟಿ ನೋಡ್ದೆ. ಅಂಗಡಿಯಿಂದ ತಂದಂಗೇ ಇತ್ತು. ಘಾಟಿ ಇಳಿದ ಸೈಕಲ್ಲಿನ ರಬ್ಬರ್ ಹಂಗಿರುತ್ತೇನೆ?"

ಇರುವುದಿಲ್ಲ. ಆ ಘಾಟಿಯನ್ನು ನಾನು ಸೈಕಲ್ ತಳ್ಳಿಕೊಂಡು, ಗೋಡೆ ಬದಿ ಹಿಡಿದು, ನಡೆದು ಇಳಿದಿದ್ದೆ. ದಾರಿಯಲ್ಲಿ ಹೋಗುತ್ತಿದ್ದ ಮೇಕೆಗಳು ನನ್ನನ್ನು ಹಿಂದೆ ಹಾಕಿದ್ದವು. ಆರು ವರ್ಷ ಇವಳು ಅದನ್ನು ತಿಳಿದೂ ಬಾಯಿ ಬಿಟ್ಟಿರಲಿಲ್ಲ. ಊರಿನ ಎಲ್ಲರನ್ನೂ ಅಣಕಿಸುವ ನಾನು, ಹೊರಗೆ ಸರದಿಗೆ ಕಾಯುವವರಿಗೆ ಕೇಳಿಸದಿರಲೆಂದು ಮೋಟಾರು ಹಾಕಿ, ಮೇಕೆಗಳ ವಿಷಯವನ್ನು ಅವಳೆದುರು ಒಪ್ಪಿಕೊಂಡೆ. ರಾಗಿ ತೊಟ್ಟಿಗೆ ಸುಮ್ಮನೆ ಮೆಡಲಿನಿಂದ ತಟ್ಟಿದೆ. ತೊಟ್ಟಿಯಲ್ಲಿ ರಾಗಿ ಇರಲಿಲ್ಲ.

"ನಂಗೇನ್ ಬೇಕು ಅಂತ ಯಾವತ್ತಾದ್ರೂ ಕೇಳಿದೀಯಾ?" ಎಂದಳು.

"ಏನ್ ಬೇಕು?"

"ಇಳಿಜಾರು ಬೇಕು ಕಣೆ." ಅವಳು ತನ್ನ ಅಂಗೈ ನೋಡಿಕೊಂಡಳು. ಹಿಡಿಕೆ ತಿರುಗಿಸಿ ತಿರುಗಿಸಿ ಅದು ಬೀಸುವ ಕಲ್ಲಿನಂತಾಗಿತ್ತು. "ಬುದ್ಧಿ ಬಂದಾಗಿಂದ ಒಂದೊಂದು ಮಾರು ದಾರಿನೂ ಕೈಯಲ್ಲಿ ತಿರುಗ್ಸಿನೇ ಹೋಗಿದೀನಿ. ನೀವೆಲ್ಲ ಸೈಕಲ್ ಮೇಲೆ ಒಂದಿಷ್ಟು ದೂರ ಪೆಡಲ್ ತುಳೀದೆ ಸುಮ್ನೆ ಹೋಗ್ತೀರಲ್ಲ, ಆಗ ಒಂಥರಾ ಮುಖ ಮಾಡ್ತೀರಿ. ಆ ಮುಖ ನಾನೂ ಒಂದ್ಸಲ ಮಾಡ್ಬೇಕು. ಹೇಳಿದ್ರೆ ನಗ್ತೀಯ ಅಂತ ಹೇಳಿರ್ಲಿಲ್ಲ."

ನಾನು ನಗಲಿಲ್ಲ. "ಇಳೀತೀಯ ಸರಿ. ಹತ್ತೋದು ಹೆಂಗೆ?" ಎಂದೆ.

ಆಗ ಗಂಗಿ ಮೊದಲ ಸಲ ನಕ್ಕಳು. ಜೋಳದ ಡಬ್ಬದ ಮೇಲಿದ್ದ ಮನವಿ ಪತ್ರವನ್ನು ಎತ್ತಿಕೊಂಡಳು. "ಅವರ ಓಡಾಟದ ಹೊಣೆ ನಮ್ಮೆಲ್ಲರದು," ಎಂದು ಮೇಷ್ಟ್ರ ರಾಗದಲ್ಲೇ ಓದಿದಳು. "ಕೆಳಗೆ ಎಷ್ಟು ಸಹಿ ಇದೆ ಎಣ್ಸು."

ಏಳು ಇತ್ತು.

"ವಾರಕ್ಕೆ ಎಷ್ಟು ದಿನ?"

ನನ್ನ ಕಿವಿಯ ಹಿಂದಿದ್ದ ಪೆನ್ಸಿಲನ್ನು ಅವಳೇ ಎಳೆದುಕೊಂಡು ಒಂದೊಂದು ಸಹಿಯ ಪಕ್ಕದಲ್ಲೂ ಒಂದೊಂದು ದಿನ ಬರೆದಳು. "ನಾಳೆ ಗುರುವಾರ. ಅಧ್ಯಕ್ಷರಿಗೇ ಮೊದಲ ಮರ್ಯಾದೆ. ಶುಕ್ರವಾರ ಖಾದರ್ ಭಾಯಿಗೆ ನಮಾಜು ಇರುತ್ತೆ, ಅವ್ರಿಗೆ ಶನಿವಾರ. ತಾಯಕ್ಕ ಭಾನುವಾರ, ಸೊಪ್ಪಿನ ಬುಟ್ಟಿ ನನ್ ಗಾಡಿಲೇ ಇಡ್ಲಿ ಬೇಕಾದ್ರೆ." ಉಳಿದ ನಾಲ್ವರಿಗೆ ಉಳಿದ ದಿನ ಹಂಚಿದಳು. ಮೂರುಕಣಿವೆಯ ಪುಸ್ತಿಕೆ ನೇತಾಡುತ್ತಿದ್ದ ಮೊಳೆಗೆ ಆ ಪತ್ರ ಸಿಕ್ಕಿಸಲು ಹೇಳಿ, ಪುಸ್ತಿಕೆಯೊಳಗಿನ ಫಾರಂ ಹರಿದು ನನ್ನ ಮುಂದಿಟ್ಟಳು. ಅದರ ಕೆಳಗೆ ಜೊತೆಗಾರರ ಸಹಿ ಆಗಲೇ ಮಾಡಿದ್ದಳು. ಯಾವಾಗ ಮಾಡಿದ್ದಳೋ, ಶಾಯಿ ಪೂರ್ತಿ ಒಣಗಿತ್ತು.

ಹೆಸರು ಬರೆದೆ. ವಯಸ್ಸು ಬರೆದೆ. ನಲವತ್ತೊಂಬತ್ತು ವಕ್ರವಾಯಿತು. ಮಧ್ಯಾಹ್ನ ನಾಲ್ಕಕ್ಕೆ, ಅಂಚೆಯವನು ಬರುವ ಮೊದಲು, ಇಬ್ಬರೂ ಹೋಗಿ ಡಬ್ಬಿಗೆ ಹಾಕಿದೆವು. ನನ್ನ ಕೈ ಡಬ್ಬಿಯ ಬಾಯಲ್ಲಿ ಸ್ವಲ್ಪ ಹೊತ್ತು ಉಳಿಯಿತು. ಗಂಗಿ ಗಾಡಿಯ ಗಾಲಿಯಿಂದ ನನ್ನ ಹಿಮ್ಮಡಿಗೆ ಒಂದು ಗುದ್ದು ಕೊಟ್ಟಳು. ಫಾರಂ ಒಳಗೆ ಬಿತ್ತು.

ಆ ಸಂಜೆಯೇ ಸೈಕಲ್ ಶಾಪಿಗೆ ಹೋಗಿ ಎರಡು ಜೊತೆ ಬ್ರೇಕ್ ರಬ್ಬರ್ ಹಾಕಿಸಿದೆವು, ನನ್ನ ಸೈಕಲ್ಲಿಗೊಂದು, ಹೊಸ ಬ್ರೇಕಿನ ಸಮೇತ ಅವಳ ಗಾಡಿಗೊಂದು. ಅವಳ ಗಾಡಿಗೆ ಅಲ್ಲಿಯವರೆಗೆ ಬ್ರೇಕೇ ಇರಲಿಲ್ಲ. ಕೈ ತಿರುಗಿಸುವುದು ನಿಲ್ಲಿಸಿದರೆ ನಿಲ್ಲುವ ಗಾಡಿಗೆ ಬ್ರೇಕು ಯಾಕೆ?

ಬೆಳಿಗ್ಗೆ ಎದ್ದಾಗ ನಾನು ಹಾಸಿಗೆಯ ಒಂದು ಮೂಲೆಯಲ್ಲಿ ಗುಡ್ಡೆಯಾಗಿದ್ದೆ. ಕಿಟಕಿಯಲ್ಲಿ ನೋಡಿದರೆ ಕೆರೆ ತಣ್ಣಗೆ ನೀಲಿಯಾಗಿ ಬೆಟ್ಟದ ಮಡಿಲಲ್ಲಿ ಕೂತಿತ್ತು. ಪೇಟೆ ಬೀದಿ ಅಲ್ಲಿಂದ ಎದ್ದು, ಬೇಕರಿಯ ಹತ್ತಿರ ಒಂದು ತಿರುವು ತೆಗೆದುಕೊಂಡು, ಮೇಲಕ್ಕೆ, ಮತ್ತೂ ಮೇಲಕ್ಕೆ ಹೋಗಿತ್ತು. ಅದರ ತುದಿಯಲ್ಲಿ, ಹೆಸರಿಟ್ಟವರ ಆಸೆ ಕೊನೆಗೂ ಈಡೇರಿದಂತೆ, ಮೇಲಿನಪೇಟೆ. ಯಾರದೋ ಮನೆಯ ನಿಂಬೆಹಣ್ಣು ಬೀದಿಯುದ್ದಕ್ಕೂ ಉರುಳಿಕೊಂಡು ಬಂದು ನನ್ನ ಬಾಗಿಲಿಗೆ ಬಡಿಯಿತು. ಹಿಂದೆಯೇ ಇನ್ನೊಂದು. ಮೇಲಿನಿಂದ ಕೆಳಗಿನವರೆಗೆ ಜನ ಬಾಗಿಲುಗಳಲ್ಲಿ ಓರೆಯಾಗಿ ನಿಂತು ನನ್ನನ್ನು ಬೈಯುತ್ತಿದ್ದರು. ಅಷ್ಟು ಒಗ್ಗಟ್ಟನ್ನು ನಮ್ಮೂರಿನಲ್ಲಿ ಎದುರುಗಾಳಿಯ ವರ್ಷವೂ ನೋಡಿರಲಿಲ್ಲ.

ಸೈಕಲ್ ತಳ್ಳಿಕೊಂಡು ಮೇಲೆ ಹತ್ತಿದೆ. ಅರ್ಧ ಗಂಟೆ ಹಿಡಿಯಿತು. ಗಂಗಿ ಆಗಲೇ ಬಾಗಿಲ ಮುಂದೆ ಗಾಡಿಯಲ್ಲಿ ಕುಳಿತು, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಕೊಂಡು, ಕೊರಳಲ್ಲಿ ವಾಚು ನೇತುಹಾಕಿಕೊಂಡು ಕಾಯುತ್ತಿದ್ದಳು. ಗಾಲಿಗೆ ಒಂದು ಇಟ್ಟಿಗೆ ಅಡ್ಡ ಇತ್ತು.

"ನಿಧಾನಕ್ಕೆ ಕಣೆ. ಬ್ರೇಕ್ ಹಿಡ್ಕೊಂಡೇ ಇಳೀಬೇಕು. ಮೊದಲು ನಾನು ಮುಂದೆ ಹೋಗ್ತೀನಿ, ನೀನು ನನ್ ಹಿಂದೆ..."

"ಇಟ್ಟಿಗೆ ತೆಗಿ," ಎಂದಳು.

ತೆಗೆದೆ. ಗಾಡಿ ಮೊದಲು ಅನುಮಾನಿಸಿತು. ಅವಳು ಅಭ್ಯಾಸಬಲದಿಂದ ಹಿಡಿಕೆಗೆ ಕೈ ಹಾಕಿದಳು. ಗಾಡಿ ಅಷ್ಟರಲ್ಲೇ ಹೊರಟಿತ್ತು. ಹಿಡಿಕೆಯಿಂದ ಒಂದು ಕೈ ತೆಗೆದಳು. ಆಮೇಲೆ ಇನ್ನೊಂದನ್ನೂ ತೆಗೆದಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಎರಡನ್ನೂ ತೊಡೆಯ ಮೇಲಿಟ್ಟುಕೊಂಡಳು, ಫೋಟೋ ತೆಗೆಸಿಕೊಳ್ಳುವವರ ಹಾಗೆ. ಬೇಕರಿಯ ತಿರುವಿನಲ್ಲಿ ಮಾತ್ರ ಬ್ರೇಕು ಕಿರ್ರೆಂದಿತು, ಗಾಡಿ ಓರೆಯಾಯಿತು, ಖಾದರ್ ಭಾಯಿ "ಯಾ ಅಲ್ಲಾ" ಎಂದರು. ಆಮೇಲೆ ಅವಳು ಕಾಣಲಿಲ್ಲ. ಗಂಟೆಯ ಸದ್ದು ಮಾತ್ರ ಕೆಳಗಡೆ ದೂರ ದೂರ ಹೋಗುತ್ತಿತ್ತು, ಅದರ ಜೊತೆಗೆ ಒಂದು ಕೂಗು. ನಲವತ್ತು ವರ್ಷದಲ್ಲಿ ಆ ಗಂಟಲಿನಿಂದ ಬೈಗುಳವಲ್ಲದ ಅಷ್ಟು ದೊಡ್ಡ ಸದ್ದು ನಾನು ಕೇಳಿರಲಿಲ್ಲ.

ಈಗ ಬೀದಿಯ ತುದಿಯಲ್ಲಿ ನಾನೊಬ್ಬಳೇ. ಇಳಿಯದಿರಲು ಒಂದು ಕಾರಣ ಹುಡುಕಿದೆ. ಇದ್ದ ಒಂದೇ ಕಾರಣ ಆಗಲೇ ಕೆಳಗೆ ತಲುಪಿತ್ತು. ಸೈಕಲ್ ಹತ್ತಿದೆ. ಎರಡೂ ಬ್ರೇಕು ಹಿಡಿದೆ. ಕಣ್ಣು ಮುಚ್ಚಬೇಕೆನಿಸಿತು, ಮುಚ್ಚಲಿಲ್ಲ. ಗಾಳಿ ಮುಖಕ್ಕೆ ಹೊಡೆಯಿತು. ಈ ಸಲ ಅದು ನಾನೇ ಮಾಡಿಕೊಂಡ ಗಾಳಿ. ಬೇಕರಿಯ ತಿರುವಿನಲ್ಲಿ ಯಾರೋ, "ಮೇಕೆ ಬಂತು, ದಾರಿ ಬಿಡಿ," ಎಂದರು. ಮೇಕೆಯ ವಿಷಯ ಇವರಿಗೂ ಗೊತ್ತಾಗಿತ್ತು. ಬೆಲ್ಟಿನ ಸದ್ದಿನಲ್ಲಿ ಕೇಳಿಸುವವಳು ನಾನೊಬ್ಬಳೇ ಅಲ್ಲ ಎಂದಾಯಿತು.

ಗಂಗಿ ಕೆರೆಯ ಮೊದಲ ಮೆಟ್ಟಿಲ ಹತ್ತಿರ, ಮುಂದಿನ ಗಾಲಿ ನೀರಿನಲ್ಲಿ ಅದ್ದಿಕೊಂಡು ಕೂತಿದ್ದಳು. ಜಡೆ ಬಿಚ್ಚಿಹೋಗಿ ಕೂದಲು ಎಲ್ಲ ಹಿಂದಕ್ಕೆ ಹಾರಿ ನಿಂತಿತ್ತು. ಅವಳ ಮುಖದಲ್ಲಿ ಆ ಮುಖ ಇನ್ನೂ ಇತ್ತು. ನನ್ನನ್ನು ಕಂಡು ಬೇಗ ಅಳಿಸಿಕೊಂಡು ವಾಚು ನೋಡಿದಳು.

"ನಾನು ಒಂದೂ ಕಾಲು ನಿಮಿಷ. ನೀನು ಏಳು. ಸೈಕಲ್ ಇಲ್ಲಿ ತಾ."

ಬಗ್ಗಿ ಬ್ರೇಕಿನ ರಬ್ಬರ್ ಮುಟ್ಟಿ ನೋಡಿದಳು. ಬಿಸಿಯಾಗಿತ್ತು. ಬೆರಳಿಗೆ ಕಪ್ಪು ಪುಡಿ ಹತ್ತಿತು. ಅದನ್ನು ಬೆಳಕಿಗೆ ಹಿಡಿದು, ಕೊನೆಗೆ ನನ್ನ ಹಣೆಗೆ ಒರೆಸಿದಳು.

"ಸವೆದಿದೆ," ಎಂದಳು. "ಏಪ್ರಿಲಿನೊಳಗೆ ಕಡಿಮೆ ಸವೀಬೇಕು."

ಆ ಹೊತ್ತಿಗೆ ಮೇಲಿನಿಂದ ಮೇಷ್ಟ್ರು ಬರುವುದು ಕಾಣಿಸಿತು. ಮನವಿ ಪತ್ರದ ಪೆನ್ಸಿಲ್ ಬರಹದ ಸುದ್ದಿ ಅವರಿಗೆ ತಲುಪಿರಬೇಕು. ಒಂದು ಕೈಯಲ್ಲಿ ಕೊಡೆ ಊರಿಕೊಂಡು, ಇನ್ನೊಂದರಲ್ಲಿ ಮನೆಗಳ ಗೋಡೆ ಹಿಡಿದುಕೊಂಡು, ಮೂವತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದ ಭೂಗೋಳವನ್ನು ಒಂದೊಂದೇ ಹೆಜ್ಜೆ ಇಳಿಯುತ್ತಾ ಬರುತ್ತಿದ್ದರು. ಗಂಗಿ ಗಾಡಿಯ ಗಾಲಿ ನೀರಿನಿಂದ ತೆಗೆದು, ಮುಖ ಏರಿನ ಕಡೆಗೆ ತಿರುಗಿಸಿ, ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಆರಾಮಾಗಿ ಒರಗಿದಳು.

"ನಿಧಾನಕ್ಕೆ ಬನ್ನಿ ಮೇಷ್ಟ್ರೆ," ಎಂದು ಕೂಗಿದಳು. "ಏನೂ ಅವಸರ ಇಲ್ಲ. ಇವತ್ತು ಪೂರ್ತಿ ಗುರುವಾರವೇ."